ತಿಪ್ಪೇಸ್ವಾಮಿ ಮೇಷ್ಟ್ರ ಕೈಬರಹ

ಕಳೆದ ಆಷಾಢದಲ್ಲಿ ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ಮುದುಕ ಬಂದು ಕೂತ. ಹೊರಗೆ ಸಣ್ಣಗೆ ಸೋನೆ ಹಿಡಿದಿತ್ತು. ಅವನ ಹೆಗಲ ಮೇಲಿನ ಕರಿ ಕಂಬಳಿ ಪೂರ್ತಿ ನೆಂದು, ಕುರಿ ಉಣ್ಣೆಯ ವಾಸನೆ ಬಸ್ಸಿಗೆಲ್ಲ ಹಬ್ಬಿತು. ಮುಂದಿನ ಸೀಟಿನ ಕಾಲೇಜು ಹುಡುಗಿ ಮೂಗಿಗೆ ವೇಲು ಅಡ್ಡ ಹಿಡಿದಳು. ನಾನು ಮಾತ್ರ ಉಸಿರು ಎಳೆದುಕೊಂಡೆ. ಆ ವಾಸನೆಯ ಜೊತೆ ಇಪ್ಪತ್ತು ವರ್ಷದ ಹಿಂದಿನ ಒಂದು ಮಳೆಗಾಲ ಎದ್ದು ಬಂತು, ಜೊತೆಗೆ ತಿಪ್ಪೇಸ್ವಾಮಿ ಮೇಷ್ಟ್ರೂ ಬಂದರು. ಹೊಸದುರ್ಗ ಬಂದದ್ದು ನನಗೆ ತಿಳಿಯಲಿಲ್ಲ. ಕಂಡಕ್ಟರ್ ಎರಡು ಸಲ ಕೂಗಿ ಇಳಿಸಬೇಕಾಯಿತು.

ಅದು ಎರಡು ಸಾವಿರದ ನಾಲ್ಕನೇ ಇಸವಿ. ನನಗೆ ಇಪ್ಪತ್ತನಾಲ್ಕು. ಹಿರೇಗುಂಟನೂರಿನ ಹುಡುಗಿ, ಚಿತ್ರದುರ್ಗದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದವಳು. ಹೊಸದುರ್ಗದ ಕಡೆಯ ಗುಡ್ಡಗಳ ಮೇಲೆ ಆಗ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ದೊಡ್ಡ ಕಂಬಗಳನ್ನು ನಿಲ್ಲಿಸುತ್ತಿದ್ದರು. ನಮ್ಮ ಜನ ಅವಕ್ಕೆ ಫ್ಯಾನು ಎಂದೇ ಹೆಸರಿಟ್ಟಿದ್ದರು. ಫ್ಯಾನು ಎಲ್ಲಿ ಬರಬೇಕು, ಅಲ್ಲಿಗೆ ರಸ್ತೆ ಯಾವ ಹೊಲದ ಪಕ್ಕ ಹಾಯಬೇಕು ಎಂದು ಅಳೆದು ಗೂಟ ಹೊಡೆಸುವ ತಂಡದಲ್ಲಿ ನಾನು ಸರ್ವೆ ಅಸಿಸ್ಟೆಂಟ್. ತಂಡದಲ್ಲಿದ್ದ ಒಬ್ಬಳೇ ಹೆಣ್ಣು ನಾನು. ಅದಕ್ಕೋ ಏನೋ, ನನ್ನ ಲೆಕ್ಕ ತಪ್ಪು ಎಂದು ಯಾರಾದರೂ ಅಂದರೆ ಸಾಕು, ಮೂಗಿನ ತುದಿಯಲ್ಲೇ ಇದ್ದ ಕೋಪ ಸಿಡಿಯುತ್ತಿತ್ತು. ಅಂಗೈಯಗಲದ ಒಂದು ಜಿಪಿಎಸ್ ಮೆಷಿನ್ ಅನ್ನು ಕಂಪನಿ ನನ್ನ ಕೈಗೆ ಕೊಟ್ಟಿತ್ತು. ಆಕಾಶದ ಉಪಗ್ರಹಗಳನ್ನು ಕೇಳಿ ನಾವು ಭೂಮಿಯ ಮೇಲೆ ಎಲ್ಲಿ ನಿಂತಿದ್ದೇವೆ ಎಂದು ಅಂಕಿಗಳಲ್ಲಿ ಹೇಳುವ ಯಂತ್ರ. ಫೋನಿನಲ್ಲೇ ಎಲ್ಲ ಸಿಗುವ ಈ ಕಾಲದಲ್ಲಿ ಅದರ ದರ್ಪ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಪೊಲೀಸ್ ಇನ್ಸ್‌ಪೆಕ್ಟರ್ ಹಾಗೆ ನಡೆಯುತ್ತಿದ್ದೆ.

ಹೊಸದುರ್ಗದಲ್ಲಿ ನಾನು ಬಾಡಿಗೆಗಿದ್ದದ್ದು ತಿಪ್ಪೇಸ್ವಾಮಿ ಮೇಷ್ಟ್ರ ಮನೆಯ ಮಹಡಿಯ ಕೋಣೆಯಲ್ಲಿ. ಕನ್ನಡ ಮೇಷ್ಟ್ರಾಗಿ ರಿಟೈರ್ ಆಗಿ ಆರು ವರ್ಷವಾಗಿತ್ತು. ತೆಳ್ಳನೆಯ ಮನುಷ್ಯ, ಬಿಳಿ ಪಂಚೆ, ಎಲ್ಲಿಗೆ ಹೋದರೂ ಕೊಡೆ. ಅವರ ಕೈಬರಹ ಅಚ್ಚು ಹಾಕಿಸಿದ ಹಾಗಿರುತ್ತಿತ್ತು. ಯಾವ ಕಾಗದಕ್ಕೆ ಪೆನ್ನು ಹಚ್ಚಿದರೂ ಮೊದಲು ಮೇಲೆ ಶ್ರೀ ಎಂದು ಬರೆದು, ಕೆಳಗೆ ಒಂದು ಗೆರೆ ಎಳೆದು, ಆಮೇಲೆ ವಿಷಯಕ್ಕೆ ಬರುವರು. ಅಂಗಡಿಯಿಂದ ತರುವ ಸಾಮಾನಿನ ಪಟ್ಟಿಗೂ ಶ್ರೀ ಇರುತ್ತಿತ್ತು. "ಉಪ್ಪು, ಬೆಲ್ಲಕ್ಕೆ ಯಾಕ್ರೀ ದೇವ್ರು" ಎಂದು ಅವರ ಹೆಂಡತಿ ಗೌರಮ್ಮ ರೇಗಿಸುತ್ತಿದ್ದರು. ಮಕ್ಕಳಿಲ್ಲದ ಇಬ್ಬರೂ ನನ್ನನ್ನು ಬಾಡಿಗೆಯವಳಂತೆ ನೋಡಲೇ ಇಲ್ಲ.

ನಮ್ಮ ಸೈಟಿಗೆ ಡೆನ್ಮಾರ್ಕಿನಿಂದ ಯೆನ್ಸ್ ಎಂಬ ಎಂಜಿನಿಯರ್ ಬಂದಿದ್ದ. ಭಾನುವಾರ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ಭಾನುವಾರ ನಾನು ಮೇಷ್ಟ್ರ ಮನೆಗೆ ಊಟಕ್ಕೆ ಕರೆತಂದೆ. ಮುದ್ದೆಯನ್ನು ಅಗಿದು ಅಗಿದು ಸುಸ್ತಾಗಿ, ಕೊನೆಗೆ ಗೌರಮ್ಮ ತೋರಿಸಿಕೊಟ್ಟ ಮೇಲೆ ನುಂಗಲು ಕಲಿತ. ಊಟವಾದ ಮೇಲೆ ಅವನು ತನ್ನ ಹುಚ್ಚಿನ ಬಗ್ಗೆ ಹೇಳಿದ. ಅದರ ಹೆಸರು ಜಿಯೋಕ್ಯಾಶಿಂಗ್. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಅದಿರುವ ಜಾಗದ ಅಂಕಿಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಬೇರೆಯವರು ಮೆಷಿನ್ ಹಿಡಿದು ಹುಡುಕುತ್ತಾರೆ. ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ.

ಗೌರಮ್ಮ ಕೇಳಿದರು, "ತಗಳ್ಳಂಗಿಲ್ಲ ಅಂದ್ಮೇಲೆ ಹುಡ್ಕೋದ್ಯಾಕೆ?"

ಯೆನ್ಸ್‌ಗೂ ನಗು ಬಂತು. ಆದರೆ ಮೇಷ್ಟ್ರ ಕಣ್ಣು ಹೊಳೆದದ್ದನ್ನು ನಾನು ಕಂಡೆ.

ಕೆಲವರು ಅಂಕಿಗಳನ್ನು ನೇರವಾಗಿ ಕೊಡುವುದಿಲ್ಲ, ಒಂದು ಬರಹದೊಳಗೆ ಅಡಗಿಸಿ ಕೊಡುತ್ತಾರೆ ಎಂದು ಯೆನ್ಸ್ ಹೇಳಿದ. ತಾನೇ ಈ ಸುತ್ತಿನ ಗುಡ್ಡಗಳಲ್ಲಿ ಎರಡು ಡಬ್ಬಿ ಇಟ್ಟಿದ್ದೇನೆ, ಬೇಕಾದರೆ ಹುಡುಕಿ ಎಂದು ಮುಂದಿನ ವಾರ ಎರಡು ಹಾಳೆ ಕೊಟ್ಟ. ಮೊದಲನೆಯದರಲ್ಲಿ ಇಂಗ್ಲಿಷಿನಲ್ಲಿ ಒಬ್ಬ ರೈತ, ಅವನ ಹಸು, ಅವನ ಮುರಿದ ಬೇಲಿ ಇಂಥದೇನೋ ಕಥೆಯಿತ್ತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಎರಡು ಸಂಜೆ ಡಿಕ್ಷನರಿ ಹಿಡಿದು, ಹಸು ಯಾವ ಕಡೆ ಹೋಯಿತು, ಬೇಲಿ ಎಲ್ಲಿ ಮುರಿಯಿತು ಎಂದು ಅರ್ಥದ ಬೆನ್ನು ಹತ್ತಿ ತಲೆ ಕೆಡಿಸಿಕೊಂಡೆ. ಮೂರನೆಯ ಸಂಜೆ ಮೇಷ್ಟ್ರು ಹಾಳೆ ತಗೊಂಡು, ಓದದೆ, ಬೆರಳಿನಿಂದ ಒಂದೊಂದೇ ಪದ ಮುಟ್ಟುತ್ತಾ ಹೋದರು.

"ಅರ್ಥ ಬಿಡು ತಾಯಿ. ಅರ್ಥ ನಿನ್ನ ದಾರಿ ತಪ್ಸಾಕೆ ಇಟ್ಟಿರೋದು. ಎಣ್ಸು."

ಒಂದೊಂದು ಪದದಲ್ಲಿ ಎಷ್ಟು ಅಕ್ಷರ ಎಂದು ಎಣಿಸಿ ಸಾಲಾಗಿ ಬರೆದರೆ ಅಂಕಿಗಳು ಬಂದವು. ಆ ಅಂಕಿಗಳನ್ನು ಮೆಷಿನ್‌ಗೆ ಹೊಡೆದರೆ ನಾವು ದಿನವೂ ಓಡಾಡುವ ಗುಡ್ಡದ ಒಂದು ಬಂಡೆಯ ಸಂದು ತೋರಿತು. ಅಂದು ನನಗಾದ ಖುಷಿ ಡಿಪ್ಲೊಮಾ ಪಾಸಾದಾಗಲೂ ಆಗಿರಲಿಲ್ಲ. ಎರಡನೆಯ ಹಾಳೆಯಲ್ಲಿ ಪ್ರತಿ ಸಾಲಿನ ಮೊದಲ ಅಕ್ಷರ ಇಂಗ್ಲಿಷ್ ವರ್ಣಮಾಲೆಯಲ್ಲಿ ಎಷ್ಟನೆಯದು ಎಂದು ನೋಡಬೇಕಿತ್ತು. ಅದನ್ನು ನಾನೇ ಬಿಡಿಸಿದೆ. ಬೀಸುವ ಗಾಳಿಗೆ ಕೊಡೆ ತಿರುಗಾಮುರುಗಾ ಆದರೂ ಮೇಷ್ಟ್ರು ಎರಡೂ ಗುಡ್ಡ ಹತ್ತಿದರು. ಡಬ್ಬಿಯ ಪುಸ್ತಕದಲ್ಲಿ ಶ್ರೀ ಎಂದು ಬರೆದು, ಗೆರೆ ಎಳೆದು, ಕೆಳಗೆ ಹೆಸರು ಹಾಕಿದರು.

ಇಂಥದ್ದು ನಮ್ಮಲ್ಲೂ ಇತ್ತು ಎಂದು ಅವರು ಯೆನ್ಸ್‌ಗೆ ಹೇಳಿದ್ದು ಎರಡನೆಯ ಡಬ್ಬಿ ಸಿಕ್ಕಿದ ಮೇಲೆ. ಹಳೆಯ ಓಲೆಗರಿಗಳಲ್ಲಿ, ಶಾಸನಗಳಲ್ಲಿ ಇಸವಿಯನ್ನು ಅಂಕಿಯಲ್ಲಿ ಬರೆಯದೆ ಪದಗಳಲ್ಲಿ ಹೇಳುವ ಪದ್ಧತಿಯಿತ್ತಂತೆ. ಚಂದ್ರ ಅಂದರೆ ಒಂದು, ಇರುವುದು ಒಬ್ಬನೇ ಅಲ್ಲವೇ. ಕಣ್ಣು ಎರಡು. ಬೆಂಕಿ ಮೂರು, ಯಜ್ಞದ ಅಗ್ನಿಗಳು ಮೂರು ಎಂದು. ಯುಗ ನಾಲ್ಕು. ಮನ್ಮಥನ ಬಾಣ ಐದು. ಋತು ಆರು. ದಿಕ್ಕು ಕಾಯುವ ಆನೆ ಎಂಟು. ಓದುವಾಗ ಮಾತ್ರ ಹಿಂದಿನಿಂದ ಮುಂದಕ್ಕೆ ಬರಬೇಕು. ಮೊದಲು ಹೇಳಿದ ಪದ ಬಿಡಿಸ್ಥಾನದ ಅಂಕಿ. ಯೆನ್ಸ್ ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳಿ, ತನ್ನ ಪುಸ್ತಕದಲ್ಲಿ ಬರೆದುಕೊಂಡ. ಜೂನ್ ಕೊನೆಗೆ ಅವನ ಕೆಲಸ ಮುಗಿದು ಊರಿಗೆ ಹೊರಟಾಗ ಮೇಷ್ಟ್ರ ಕೈಗೆ ಮೂರನೆಯ ಹಾಳೆ ಕೊಟ್ಟು ಕೈ ಮುಗಿದ. ಮೂರನೆಯ ಡಬ್ಬಿಯನ್ನು ಅವನು ಮೊದಲೇ ಇಟ್ಟಿದ್ದ. ಅದರ ಗುಟ್ಟನ್ನು ಮಾತ್ರ ಮೇಷ್ಟ್ರ ಪದಗಳಲ್ಲೇ ಹೊಸದಾಗಿ ಹೆಣೆದಿದ್ದ.

ಅಕ್ಷಾಂಶ, ರೇಖಾಂಶಗಳ ಡಿಗ್ರಿ, ಮಿನಿಟುಗಳನ್ನು ನೇರವಾಗಿ ಕೊಟ್ಟು, ಕೊನೆಗೆ ಬರುವ ಉತ್ತರಕ್ಕೆ ಮೂರು ಅಂಕಿ, ಪೂರ್ವಕ್ಕೆ ಮೂರು ಅಂಕಿ ಅಷ್ಟನ್ನು ಅಡಗಿಸಿದ್ದ. ಇಂಗ್ಲಿಷಿನಲ್ಲಿದ್ದ ಆ ನಾಲ್ಕು ಸಾಲುಗಳನ್ನು ನಾನು ಹೇಳಿದೆ, ಮೇಷ್ಟ್ರು ಒಂದು ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಂಡರು. ಮೇಲೆ ಶ್ರೀ, ಕೆಳಗೆ ಗೆರೆ, ಆಮೇಲೆ:

"ಉತ್ತರಕ್ಕೆ ಹೊರಟವನು ಒಂದು ಯುಗ ಕಾದ, ಕಣ್ಣು ಬಿಟ್ಟ, ಬೆಂಕಿ ಕಂಡ. ಪೂರ್ವಕ್ಕೆ ಹೊರಟವನಿಗೆ ಬಾಣ ನೆಟ್ಟಲ್ಲಿ ಚಂದ್ರ ಹುಟ್ಟಿದ, ಆನೆ ನೀರಿಗಿಳಿಯಿತು."

ಬಿಡಿಸಲು ನಮಗೆ ಐದು ನಿಮಿಷವೂ ಬೇಕಾಗಲಿಲ್ಲ. ನಾಲ್ಕು, ಎರಡು, ಮೂರು. ಹಿಂದಿನಿಂದ ಓದಿದರೆ ಮುನ್ನೂರಿಪ್ಪತ್ತನಾಲ್ಕು. ಐದು, ಒಂದು, ಎಂಟು. ಹಿಂದಿನಿಂದ ಎಂಟುನೂರ ಹದಿನೈದು. ನಕ್ಷೆಯ ಮೇಲೆ ಬೆರಳಿಟ್ಟು ನೋಡಿದರೆ ಹೊಸದುರ್ಗ, ಹೊಳಲ್ಕೆರೆ ನಡುವಿನ ಒಂದು ಹಳ್ಳಿಯ ಗುಡ್ಡ. ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಅವರು ಹದಿನೆಂಟು ವರ್ಷ ಪಾಠ ಮಾಡಿದ ಊರು ಅದು. ಅಲ್ಲಿನ ಅರ್ಧ ಊರಿಗೆ ಅಕ್ಷರ ಕಲಿಸಿದವರು ಅವರೇ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ನಡೆದದ್ದರಲ್ಲಿ ಆ ಊರಿನವರ ತಪ್ಪೇನೂ ಇರಲಿಲ್ಲ.

ಜುಲೈ ಮೊದಲ ಭಾನುವಾರ ಬೆಳಗಿನ ಬಸ್ಸಿಗೆ ಹೊರಟೆವು. ಹಳ್ಳಿಗೆ ಹೋದವರು ಮೊದಲು ಊರೊಳಗೆ ಕಾಲಿಟ್ಟು, ಯಾರಾದರೊಬ್ಬರಿಗೆ ಬಂದ ಕೆಲಸ ಹೇಳಿ, ಆಮೇಲೆ ಹೊಲವೋ ಗುಡ್ಡವೋ ನೋಡಬೇಕು. ಸರ್ವೆ ಕೆಲಸದಲ್ಲಿ ನಾವು ಎಂದೂ ತಪ್ಪದೆ ಪಾಲಿಸುತ್ತಿದ್ದ ನಿಯಮ ಅದು. ಅಂದು ಮಾತ್ರ ನಾನೇ, "ಮೊದ್ಲು ಡಬ್ಬಿ ನೋಡಾಣ ಸಾರ್, ಆಮೇಲೆ ಆರಾಮಾಗಿ ಊರೊಳಗೆ ಹೋಗಾಣ" ಎಂದೆ. ಊರೊಳಗೆ ಹೋದರೆ ಹತ್ತು ಮನೆಯಲ್ಲಿ ಕಾಫಿ ಕುಡಿಸಿ ಮಧ್ಯಾಹ್ನ ಮಾಡುತ್ತಾರೆ ಎಂಬ ಅವಸರ ನನ್ನದು. ಬಸ್ ಇಳಿದು ಹಿಂದಿನ ಕಾಲುದಾರಿಯಲ್ಲಿ ಗುಡ್ಡ ಹತ್ತಿದೆವು. ತಂಗಡಿ ಗಿಡಗಳು ಗಾಳಿಗೆ ನೆಲಕ್ಕೆ ಬಾಗಿ ಏಳುತ್ತಿದ್ದವು. ಗಟ್ಟಿಯಾಗಿ ಮಾತಾಡದಿದ್ದರೆ ಪಕ್ಕದವರಿಗೂ ಕೇಳಿಸದಷ್ಟು ಗಾಳಿ.

ಮೆಷಿನ್ ನಮ್ಮನ್ನು ತಂದು ನಿಲ್ಲಿಸಿದ್ದು ಒಂದು ವೀರಗಲ್ಲಿನ ಮುಂದೆ. ಕಲ್ಲು ಅರ್ಧಕ್ಕೆ ಒಡೆದು ವಾಲಿಕೊಂಡಿತ್ತು. ಬುಡದಲ್ಲಿ ಹಳೆಯ ಗುಂಡಿ. ಮೇಷ್ಟ್ರ ಮುಖ ಸಣ್ಣಗಾಯಿತು. ಅವರು ಆ ಊರಿನಲ್ಲಿ ಇದ್ದಾಗಲೇ ನಿಧಿ ಹುಡುಕುವ ಕಳ್ಳರು ಬಂದು ಕಲ್ಲು ಒಡೆದು, ಬುಡ ಅಗೆದು ಹೋಗಿದ್ದರಂತೆ. ಊರು ಮೂರು ದಿನ ಒಲೆ ಹಚ್ಚಿರಲಿಲ್ಲವಂತೆ. ಚಿತ್ರದುರ್ಗದ ಸೀಮೆಯಲ್ಲಿ ಕೋಟೆ ಕೊತ್ತಲ, ಹಾಳು ಗುಡಿ ಇದ್ದಲ್ಲೆಲ್ಲ ಈ ಕಾಟ ಇದ್ದದ್ದೇ. ಅಂಥವರ ಕೈಯಲ್ಲೂ ಒಂದು ಚೀಟಿ, ಒಂದು ಯಂತ್ರ, ಒಂದು ಸಲಾಕೆ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನನ್ನ ಚೀಲದಲ್ಲಿ ಗೂಟ ಹೊಡೆಯುವ ಕಬ್ಬಿಣದ ಸಲಾಕೆ ಇತ್ತು. ಅದನ್ನು ತೆಗೆದು ಬುಡದ ಕಲ್ಲುಗಳನ್ನು ಮೀಟತೊಡಗಿದೆ.

"ಆ ಕಲ್ಲಿಗೆ ಕೈ ಹಚ್ಬ್ಯಾಡ ತಾಯಿ," ಎಂದರು ಮೇಷ್ಟ್ರು.

"ಮೆಷಿನ್ ಇಲ್ಲೇ ಅಂತೈತೆ ಸಾರ್. ಮೆಷಿನ್ ಸುಳ್ಳು ಹೇಳಲ್ಲ," ಎಂದು ಇನ್ನೂ ಎರಡು ಕಲ್ಲು ಉರುಳಿಸಿದೆ.

ತಲೆಯೆತ್ತಿದಾಗ ಹತ್ತು ಮಾರು ದೂರದಲ್ಲಿ ಒಬ್ಬ ಮುದುಕ ಕೋಲೂರಿ ನಿಂತಿದ್ದ. ಕರಿ ಕಂಬಳಿ, ಸುತ್ತ ಮೂವತ್ತು ನಲವತ್ತು ಕುರಿ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ಬಾಯಿಗೆ ಎರಡು ಬೆರಳಿಟ್ಟು ಶಿಳ್ಳೆ ಹಾಕಿದ. ಕೆಳಗಿನ ಹೊಲಗಳಿಂದ ಜನ ಮೇಲಕ್ಕೆ ಬರತೊಡಗಿದರು. ಹದಿನೈದು ನಿಮಿಷದಲ್ಲಿ ನಮ್ಮ ಸುತ್ತ ಮೂವತ್ತು ಜನ.

ಮುಂದೆ ಬಂದವರು ಓಂಕಾರಪ್ಪ ಎಂಬ ಊರಿನ ಮುಖಂಡ. ನಲವತ್ತರ ಆಸುಪಾಸು. ಮೇಷ್ಟ್ರನ್ನು ನೋಡಿ ಅವರ ಕಾಲು ಅಲ್ಲೇ ನಿಂತಿತು. ಅವರೂ ಮೇಷ್ಟ್ರ ಹತ್ತಿರ ಕಲಿತವರೇ.

"ಮೇಷ್ಟ್ರೇ, ನೀವಾ?"

ಯಾರೋ ನನ್ನ ಕೈಯಿಂದ ಸಲಾಕೆ ಕಿತ್ತುಕೊಂಡರು. ಇನ್ಯಾರೋ, ಮೇಷ್ಟ್ರು ಬರೆದುಕೊಂಡು ತಂದು ಹಾರದಂತೆ ಕಲ್ಲಿನಡಿ ಇಟ್ಟಿದ್ದ ಚೀಟಿ ಎತ್ತಿ ಓಂಕಾರಪ್ಪನಿಗೆ ಕೊಟ್ಟರು. ಅವರು ಗಟ್ಟಿಯಾಗಿ ಓದಿದರು. ಬಾಣ ನೆಟ್ಟಲ್ಲಿ ಎಂದು ಓದುತ್ತಲೇ ಎಲ್ಲರ ಕಣ್ಣೂ ವೀರಗಲ್ಲಿನ ಕಡೆ ಹೋಯಿತು. ಅದರಲ್ಲಿ ಕೆತ್ತಿದ ವೀರನ ಎದೆಗೆ ಬಾಣ ನೆಟ್ಟಿತ್ತು. ನೆತ್ತಿಯ ಮೇಲೆ ಅರ್ಧಚಂದ್ರ. ಗುಡ್ಡದ ಕೆಳಗೆ ಕಟ್ಟೆಯ ನೀರು. ಚೀಟಿಯ ಮೇಲೆ ಶ್ರೀ. ನನಗೇ ಒಂದು ಗಳಿಗೆ ಅದು ನಿಧಿಯ ಚೀಟಿ ಎನ್ನಿಸಿಬಿಟ್ಟಿತು.

"ಇದು ನಿಮ್ಮ ಅಕ್ಷರನೇ. ನಂಗೆ ಅಕ್ಷರ ಕಲ್ಸಿದ ಕೈ ಇದು, ಬ್ಯಾರೆ ಹೇಳ್ಬೇಕಾಗಿಲ್ಲ. ಬರ್ಸಿದೋರು ಯಾರು? ಇಲ್ಲಿಗೆ ನಿಮ್ಮನ್ನ ಕರ್ಕಂಡು ಬಂದೋರು ಯಾರು?" ಎಂದು ಕೇಳಿದರು ಓಂಕಾರಪ್ಪ.

ಕರೆತಂದವಳು ನಾನು. ಬರೆಸಿದವಳು ನಾನು. ಊರೊಳಗೆ ಹೋಗದೆ ಹಿಂದಿನ ದಾರಿ ಹಿಡಿಸಿದವಳೂ ನಾನು. ಆದರೆ ನಾಲಿಗೆ ಏಳಲಿಲ್ಲ. ಹಳ್ಳಿಯವರ ಜೊತೆ ತಕರಾರು ಮಾಡಿಕೊಂಡವರನ್ನು ಕಂಪನಿ ಮರುದಿನವೇ ಮನೆಗೆ ಕಳಿಸುತ್ತಿತ್ತು. ಹಿರೇಗುಂಟನೂರಿನಲ್ಲಿ ಅಪ್ಪನಿಗೆ ಸುದ್ದಿ ಹೋದರೆ, ಮಗಳು ಗುಡ್ಡದ ಮೇಲೆ ನಿಧಿ ಅಗೆಯುವಾಗ ಸಿಕ್ಕಿಬಿದ್ದಳು ಎಂದು ಹೋದರೆ. ನಾನು ನೆಲ ನೋಡುತ್ತ ನಿಂತೆ.

"ನಾನೇ. ಹುಡುಗೀನ ನಾನೇ ಕರ್ಕಂಡು ಬಂದಿದ್ದು," ಎಂದರು ಮೇಷ್ಟ್ರು.

ನಮ್ಮನ್ನು ಶಾಲೆಯ ಜಗುಲಿಗೆ ಕರೆತಂದರು. ಯಾರೂ ಮೈ ಮುಟ್ಟಲಿಲ್ಲ, ಒರಟು ಮಾತೂ ಆಡಲಿಲ್ಲ. ಅದೇ ಹೆಚ್ಚು ಹಿಂಸೆಯಾಯಿತು. ಮೇಷ್ಟ್ರು ಸೀಮೆಸುಣ್ಣ ಕೇಳಿ ಇಸಿದುಕೊಂಡು, ಗೋಡೆಯ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರು. ಯುಗ ನಾಲ್ಕು, ಕಣ್ಣು ಎರಡು. ಹಿಂದಿನಿಂದ ಓದಬೇಕು. ಅಲ್ಲಿ ಚಿನ್ನ ಗಿನ್ನ ಏನೂ ಇಲ್ಲ, ಒಂದು ಡಬ್ಬಿ, ಅದರೊಳಗೆ ಒಂದು ಪುಸ್ತಕ, ಅದರಲ್ಲಿ ಹೆಸರು ಬರೆದು ಬರುವ ಆಟ ಇದು. ಅವರ ಧ್ವನಿ ಪಾಠ ಮಾಡುವ ಧ್ವನಿಯಾಗಿತ್ತು. ಕೇಳಿಸಿಕೊಳ್ಳುವವರು ಮಾತ್ರ ಹಳೆಯ ಮಕ್ಕಳಾಗಿರಲಿಲ್ಲ.

"ಹೆಸ್ರು ಬರ್ಯಾಕೆ ಗುಡ್ಡ ಹತ್ತಿದ್ರಾ?" ಎಂದು ಒಬ್ಬಾಕೆ ಕೇಳಿದಳು. ಯಾರೂ ನಗಲಿಲ್ಲ.

ಓಂಕಾರಪ್ಪ ಹಲಗೆಯತ್ತ ಕೈ ತೋರಿಸಿದರು. "ಓದಿದೋರು ಯಾವ್ದನ್ನ ಬೇಕಾದ್ರೂ ಲೆಕ್ಕ ಮಾಡಿ ತೋರಿಸ್ಬೋದು ಮೇಷ್ಟ್ರೇ. ಡಬ್ಬಿ ಐತೆ ಅಂದ್ರಲ್ಲ, ಅದನ್ನ ತೋರ್ಸ್ರಿ. ತೋರ್ಸಿದ್ರೆ ನಿಮ್ಮ ಕಾಲು ಹಿಡೀತೀವಿ. ಇಲ್ಲಾಂದ್ರೆ ಪೊಲೀಸ್ರಿಗೆ ಹೇಳಾದು ಹೇಳ್ತೀವಿ. ಇನ್ಮ್ಯಾಲೆ ಈ ಊರಿಗೆ ಮಾತ್ರ ಕಾಲಿಡಬ್ಯಾಡ್ರಿ."

ಪೊಲೀಸ್ ಎಂದಾಗ ಮೇಷ್ಟ್ರು ಅಲುಗಲಿಲ್ಲ. ಕೊನೆಯ ಮಾತಿಗೆ ಅವರ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

ಮತ್ತೆ ಗುಡ್ಡ. ಈ ಸಲ ಹಿಂದೆ ಅರ್ಧ ಊರು. ನಾನು ಮೆಷಿನ್ ಹಿಡಿದು ಮುಂದೆ, ಮೇಷ್ಟ್ರು ಪಕ್ಕದಲ್ಲಿ, ಕುರಿಗಳನ್ನು ಮೊಮ್ಮಗಳಿಗೆ ಒಪ್ಪಿಸಿ ಆ ಮುದುಕ ಚಿತ್ತಜ್ಜನೂ ಕೋಲೂರಿಕೊಂಡು ಬಂದ. ಮೆಷಿನ್ನಿನ ಬಾಣ ಮತ್ತೆ ವೀರಗಲ್ಲಿನ ಕಡೆಗೇ ತಿರುಗಿತು. ಒಂದು ಹೆಜ್ಜೆ ಆಚೆ ಈಚೆ ಇಲ್ಲ. ಹಿಂದಿನಿಂದ ಗುಜುಗುಜು ಎದ್ದಿತು. ಯಾರೋ, "ನೋಡಿದ್ಯಾ, ಅಲ್ಲಿಗೇ" ಎಂದರು.

ನಾನು ಮೆಷಿನ್ ಹಿಡಿದು ನೆಲಕ್ಕೆ ಕೂತೆ. ಮೆಷಿನ್ ಸುಳ್ಳು ಹೇಳುವುದಿಲ್ಲ, ಲೆಕ್ಕ ಸರಿಯಿದೆ, ಯೆನ್ಸ್ ಮೋಸ ಮಾಡುವವನಲ್ಲ. ಹಾಗಾದರೆ ತಪ್ಪು ಎಲ್ಲಿ? ಅಲ್ಲಿ ಕೂತು, ಮೆಷಿನ್ನಿನ ಗುಂಡಿಗಳನ್ನು ಒತ್ತುತ್ತ ಹೋದಾಗ ಸಿಕ್ಕಿತು. ಹಿಂದಿನ ಬುಧವಾರ ರಸ್ತೆಯ ಜಮೀನನ್ನು ಸರ್ಕಾರದ ಹಳೆಯ ನಕ್ಷೆಗೆ ತಾಳೆ ನೋಡಬೇಕಿತ್ತು. ಆ ನಕ್ಷೆಗಳನ್ನು ಉಪಗ್ರಹ ಹುಟ್ಟುವ ಮೊದಲು, ಬೇರೆಯದೇ ಅಳತೆಯ ಲೆಕ್ಕದಲ್ಲಿ ಮಾಡಿದ್ದರು. ಅದಕ್ಕೆ ಹೊಂದಿಕೊಳ್ಳಲಿ ಎಂದು ನಾನೇ ಮೆಷಿನ್ ಅನ್ನು ಹಳೆಯ ಲೆಕ್ಕಕ್ಕೆ ತಿರುಗಿಸಿ, ವಾಪಸ್ ತಿರುಗಿಸುವುದನ್ನು ಮರೆತಿದ್ದೆ. ಎರಡು ಲೆಕ್ಕದಲ್ಲೂ ಅಂಕಿ ಅದೇ, ನೆಲದ ಮೇಲೆ ಜಾಗ ಬೇರೆ. ಹೆಚ್ಚು ಕಡಿಮೆ ಇನ್ನೂರು ಮೀಟರ್ ವ್ಯತ್ಯಾಸ. ನಮ್ಮ ಕೆಲಸದಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಎಚ್ಚರಿಕೆ ಅದು.

ಎದ್ದು ನಿಂತೆ. "ತಪ್ಪು ನಂದು," ಎಂದು ಗಾಳಿಗೆ ಎದುರಾಗಿ ಕೂಗಿ ಹೇಳಿದೆ. "ಮೆಷಿನ್ ತಪ್ಪು ಇಟ್ಟಿದ್ದೆ. ಮೇಷ್ಟ್ರ ಲೆಕ್ಕ ಸರಿ ಐತೆ."

ಓಂಕಾರಪ್ಪನಿಗೆ ಅದು ನೆಪದಂತೆ ಕೇಳಿಸಿತು ಎಂದು ಅವರ ಮುಖವೇ ಹೇಳಿತು. ಮೇಷ್ಟ್ರು ಮಾತ್ರ ಬೆರಳಿನಲ್ಲಿ ಎಣಿಸುತ್ತ ಅಂಕಿಗಳನ್ನು ಮತ್ತೊಮ್ಮೆ ಹೇಳಿದರು. ಮೂರು, ಎರಡು, ನಾಲ್ಕು. ಎಂಟು, ಒಂದು, ಐದು. ಮೆಷಿನ್ ಅನ್ನು ಉಪಗ್ರಹದ ಲೆಕ್ಕಕ್ಕೆ ವಾಪಸ್ ತಿರುಗಿಸಿ ಅವನ್ನೇ ಹೊಸದಾಗಿ ಹೊಡೆದೆ. ಬಾಣ ನಿಧಾನವಾಗಿ ತಿರುಗಿ, ವೀರಗಲ್ಲಿಗೆ ಬೆನ್ನು ಮಾಡಿ, ಗುಡ್ಡದ ಆಚೆ ಇಳಿಜಾರನ್ನು ತೋರಿಸಿತು.

ನಡೆದೆವು. ನೂರೈವತ್ತು, ನೂರು, ಐವತ್ತು ಎಂದು ಮೆಷಿನ್ನಿನ ಮೇಲೆ ದೂರ ಕಡಿಮೆಯಾಗುತ್ತ ಬಂತು. ಐದು ಮೀಟರ್ ಎಂದು ತೋರಿಸಿದ ಜಾಗದಲ್ಲಿ ಒಂದು ಬಂಡೆ, ಅದರ ಮಗ್ಗುಲಿಗೆ ಕಾರೆ ಪೊದೆ, ಪೊದೆಯ ಬುಡದಲ್ಲಿ ಚಪ್ಪಟೆಯಾದ ಒಂದು ಕಲ್ಲು. ಡಬ್ಬಿ ಕಾಣಲಿಲ್ಲ. ನಾನು ಬಂಡೆಯ ಸಂದಿಗೆಲ್ಲ ಕೈ ಹಾಕಿದೆ. ಮುಳ್ಳು ಗೀರಿ ರಕ್ತ ಬಂತು. ಜನ ಸುತ್ತ ನಿಂತು ನೋಡುತ್ತಿದ್ದರು. ಕೊನೆಗೆ ಮೇಷ್ಟ್ರು ಕೊಡೆ ಕೆಳಗಿಟ್ಟು, ಬಗ್ಗಿ, ಆ ಚಪ್ಪಟೆ ಕಲ್ಲನ್ನು ಎರಡೂ ಕೈಯಿಂದ ಎತ್ತಿದರು. ಕೆಳಗೆ ಹಸಿರು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ.

ಓಂಕಾರಪ್ಪನೇ ತೆರೆದರು. ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್, ಒಂದು ಕೀ ಗೊಂಚಲು, ಬೆರಳುದ್ದದ ಒಂದು ಆಟಿಕೆ ಫ್ಯಾನು. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. "ಇಷ್ಟೇನಾ?" ಎಂದಳು ಅದೇ ಹೆಂಗಸು, ನಿಜವಾಗಿ ಬೇಜಾರಾಗಿ. ಆಗ ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ.

ಚಿತ್ತಜ್ಜ ನಗಲಿಲ್ಲ. ಹತ್ತಿರ ಬಂದು ಕೋಲಿನ ತುದಿಯಿಂದ ಆ ಚಪ್ಪಟೆ ಕಲ್ಲನ್ನು ಮುಟ್ಟಿದ.

"ಈ ಕಲ್ಲು ಮುಚ್ಚಿದ್ದು ನಾನೇ. ಮುಂಗಾರು ಹಿಡಿಯೋ ಮುಂಚೇನೇ ನೋಡಿದ್ದೆ ಈ ಡಬ್ಬೀನ. ಬಿಚ್ಚಿ ನೋಡ್ದೆ. ಯಾರೋ ಇಟ್ಟಿರೋದು, ಇಟ್ಟೋರು ಬರ್ತಾರೆ ಅಂತ ಹಂಗೇ ಇಟ್ಟೆ. ಮಳೆ ನೀರು ಹೋಗ್ಬಾರ್ದು ಅಂತ ಕಲ್ಲು ಹಾಕ್ದೆ."

"ಮತ್ತೆ ಶಾಲೆ ತಾವ ಯಾಕೆ ಬಾಯಿ ಬಿಡ್ಲಿಲ್ಲ ಚಿತ್ತಜ್ಜ?" ಓಂಕಾರಪ್ಪನ ಧ್ವನಿ ಏರಿತು.

"ಬಾಯಿ ಬಿಟ್ಟಿದ್ರೆ ನಾನು ತೋರ್ಸಿದಂಗೆ ಆಗ್ತಿತ್ತಪ್ಪ. ಅವ್ರು ಕಳ್ಳರೋ ಅಲ್ವೋ ನಂಗೆ ಹೆಂಗೆ ಗೊತ್ತಾಗ್ಬೇಕು? ಕಳ್ಳರಾದ್ರೆ ಕಲ್ಲಿನ ತಾವೇ ನಿಲ್ತಾರೆ. ಲೆಕ್ಕದೋರಾದ್ರೆ ಇಲ್ಲಿಗೆ ಬರ್ತಾರೆ. ಬಂದ್ರು." ಆಮೇಲೆ ಮೇಷ್ಟ್ರ ಕಡೆ ತಿರುಗಿ, "ನೀವು ಬಂದ್ರಲ್ಲ ಮೇಷ್ಟ್ರೇ, ನಂಗೂ ಜೀವ ಬಂತು," ಎಂದ.

ಮೇಷ್ಟ್ರು ಪುಸ್ತಕ ತೆಗೆದುಕೊಂಡು ಅಲ್ಲೇ ಬಂಡೆಯ ಮೇಲೆ ಕೂತರು. ಡಬ್ಬಿ ಮೊದಲು ಕಂಡವರ ಹೆಸರು ಮೇಲೆ ಬರಬೇಕು, ಆಟದ ನಿಯಮ ಅದು ಎಂದು ಹೇಳಿ, ಚಿತ್ತಜ್ಜನ ಹೆಸರನ್ನು ಮೊದಲ ಸಾಲಿನಲ್ಲಿ ಬರೆದರು. ಹೆಬ್ಬೆಟ್ಟಿಗೆ ಮಸಿ ಇರಲಿಲ್ಲ. ಚಿತ್ತಜ್ಜ ಪೆನ್ಸಿಲ್ ತಗೊಂಡು ಹೆಸರಿನ ಮುಂದೆ ಒಂದು ಗೆರೆ ಎಳೆದ. ಎರಡನೆಯ ಸಾಲಿಗೆ ಮೇಷ್ಟ್ರು, ಮೂರನೆಯದಕ್ಕೆ ನಾನು. ಆಮೇಲೆ ನೋಡಿದರೆ ಓಂಕಾರಪ್ಪನೂ ಕೈ ಚಾಚಿ ನಿಂತಿದ್ದರು. ಹತ್ತು ಹನ್ನೆರಡು ಜನ ಸರದಿಯಲ್ಲಿ ನಿಂತು ಹೆಸರು ಬರೆದರು. ಓದು ಬಾರದವರ ಹೆಸರನ್ನು ಮೇಷ್ಟ್ರು ಬರೆದುಕೊಟ್ಟರು.

ಓಂಕಾರಪ್ಪನ ಮನೆಯಲ್ಲಿ ಊಟ ಮಾಡಿಸದೆ ಬಿಡಲಿಲ್ಲ. ಮನೆಯವರೆಲ್ಲ ಬಂದು ಮೇಷ್ಟ್ರ ಕಾಲಿಗೆ ಬಿದ್ದರು. ಕೈ ತೊಳೆಯಲು ನೀರು ಹಾಕುವಾಗ ಓಂಕಾರಪ್ಪ ತಪ್ಪಾಯ್ತು ಎಂದರು. ಮೇಷ್ಟ್ರು ಅವರ ಬೆನ್ನು ತಟ್ಟಿ, "ನೀನು ಕಲ್ಲು ಕಾಯ್ದೆಯಪ್ಪ, ಅದು ದೊಡ್ಡದು" ಎಂದರು. ಮುಂದೆ ಅವರು ಬದುಕಿರುವವರೆಗೂ ಆ ಊರ ಮದುವೆ, ನಾಮಕರಣಗಳಿಗೆ ಕರೆ ತಪ್ಪಲಿಲ್ಲ. ಕೊನೆಯ ಹತ್ತು ವರ್ಷ ನಡೆಯಲಾಗದಿದ್ದಾಗ ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು. ನಾನಂತೂ ಆ ವರ್ಷದ ಕೊನೆಗೆ ಹಿರಿಯೂರಿನ ಸೈಟಿಗೆ ವರ್ಗವಾಗಿ ಹೋದೆ. ಅಲ್ಲಿ ಹೊಸಬರಿಗೆ ಮೆಷಿನ್ ಕೊಡುವಾಗ ಮೊದಲು ಆ ಹಳೆಯ ನಕ್ಷೆಯ ಲೆಕ್ಕದ ಪಾಠ ಹೇಳುತ್ತಿದ್ದೆ, ಅದೂ ಸ್ವಲ್ಪ ಜೋರಾಗಿಯೇ.

ಆದರೆ ಅಂದು ಸಂಜೆ, ವಾಪಸ್ ಬರುವ ಬಸ್ಸಿನಲ್ಲಿ, ನನಗೆ ಸುಮ್ಮನಿರಲಾಗಲಿಲ್ಲ. ಮೇಷ್ಟ್ರು ಕಿಟಕಿಯ ಪಕ್ಕ ಕೂತು ಕೊಡೆಯ ಮುರಿದ ಕಡ್ಡಿ ಸರಿಮಾಡುತ್ತಿದ್ದರು.

"ಸಾರ್, ಅವ್ರು ಕೇಳ್ದಾಗ ನಾನು ಹೇಳ್ಬೇಕಿತ್ತು. ನಾನೇ ಕರ್ಕಂಡು ಬಂದೋಳು ಅಂತ."

ಅವರು ತಲೆ ಎತ್ತಲಿಲ್ಲ. "ಹೇಳಾಕೆ ನಿಂಗೆ ಹೊತ್ತೆಲ್ಲಿ ಸಿಕ್ತು ತಾಯಿ? ಅವ್ನು ಕೇಳ್ತಿದ್ದಂಗೇ ನಾನು ಅವಸರ ಮಾಡಿ ಬಾಯಿ ಹಾಕಿಬಿಟ್ಟೆ. ನಂದು ಮೊದ್ಲಿಂದ್ಲೂ ಅದೇ ಚಾಳಿ."

ನಾನು ಹೂಂ ಎಂದೆ. ಅವರು ಮುಂದೆ ಎಂದೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಹೋಗಿ ಈಗ ಐದು ವರ್ಷವಾಯಿತು. ಹದಿನೆಂಟು ವರ್ಷ ಆ ಊರಿಗೆ ನಿಜ ಹೇಳಿ ಎಂದು ಕಲಿಸಿದ ಮೇಷ್ಟ್ರು ಅಂದು ನನಗಾಗಿ ಎರಡು ಸುಳ್ಳು ಹೇಳಿದರು. ಗುಡ್ಡದ ಮೇಲೆ ಒಂದು, ಬಸ್ಸಿನಲ್ಲಿ ಒಂದು. ಅವಸರವನ್ನೇನೂ ಅವರು ಮಾಡಿರಲಿಲ್ಲ. ಓಂಕಾರಪ್ಪ ಕೇಳಿದಾಗ ನನ್ನ ಕಡೆ ತಿರುಗಿದ್ದರು, ನಾನು ಕಣ್ಣು ನೆಲಕ್ಕಿಳಿಸುವ ಮೊದಲು ಅದನ್ನು ಕಂಡಿದ್ದೆ. ಅಷ್ಟು ಜನರ ನಡುವೆ, ಅಷ್ಟು ಗಾಳಿಯಲ್ಲಿ, ನಾನು ಬಾಯಿ ಬಿಡುತ್ತೇನೇನೋ ಎಂದು ನೋಡುತ್ತ ನಿಂತಿದ್ದರು. ಸಾಕಷ್ಟು ಹೊತ್ತು ಕಾದರು. ಆಮೇಲೆ ಹೇಳಿದರು.